ಲಿಫ್ಟಣ್ಣನ ಪ್ರತಿಮೆ

ಒಬ್ಬ ಮನುಷ್ಯ ತನ್ನದೇ ಮನೆಯಲ್ಲಿ, ತಾನೇ ಬಾಡಿಗೆ ಕಟ್ಟುವ ಗೋಡೆಯ ಎದುರು ಕೂತು, ಹೊತ್ತುಹೊತ್ತಿಗೂ ತನ್ನ ಷಡ್ಡಕನ ಮುಖ ನೋಡಿಕೊಂಡು ಊಟ ಮಾಡಬೇಕಾಗಿ ಬಂದರೆ, ಮುಂದೆ ಅವನು ಏನು ಮಾಡಿದರೂ ಅದನ್ನು ತಪ್ಪು ಅನ್ನುವ ಮೊದಲು ನಾವು ಸ್ವಲ್ಪ ಯೋಚನೆ ಮಾಡಬೇಕು.

ಆ ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ, ವಿಮೆ ಏಜೆಂಟು. ಆ ವರ್ಷ ಕಂಪನಿಯವರು ಅವನನ್ನು ಅತ್ಯುತ್ತಮ ಏಜೆಂಟ್ ಎಂದು ಆರಿಸಿ ಕ್ಯಾಲೆಂಡರಿನ ಮೇಲೆ ಅವನ ಫೋಟೊ ಅಚ್ಚು ಹಾಕಿಸಿದ್ದರು. ಮೇಲುಗಡೆ ಹಲ್ಲು ಬಿಟ್ಟು ನಗುವ ಷಡ್ಡಕ, ಕೆಳಗಡೆ ತಿಂಗಳುಗಳು. ತಿಂಗಳುಗಳು ಒಂದೊಂದಾಗಿ ಹರಿದು ಹೋಗುತ್ತಿದ್ದವು; ಷಡ್ಡಕ ಮಾತ್ರ ಹಾಗೇ ಉಳಿಯುತ್ತಿದ್ದ. ಅದನ್ನು ಊಟದ ಮೇಜಿನ ಎದುರಿಗೇ ತೂಗುಹಾಕಿದವರು ಅತ್ತೆ. ಅತ್ತೆ ಇದ್ದದ್ದು ಚಿಕ್ಕ ಮಗಳ ಮನೆಯಲ್ಲಿ, ಹೊಗಳುತ್ತಿದ್ದದ್ದು ದೊಡ್ಡ ಮಗಳ ಗಂಡನನ್ನು.

“ಎಷ್ಟು ಮನೆ ಗೋಡೆ ಮೇಲಿದಾರೆ ನೋಡು ದೊಡ್ಡ ಅಳಿಯಂದಿರು,” ಅನ್ನುತ್ತಿದ್ದರು ಮಗಳಿಗೆ, ತಟ್ಟೆ ಇಡುತ್ತಾ. “ನಿನ್ನ ಗಂಡನೂ ಇದಾನೆ. ದಿನಾ ಮೇಲೆ ಹೋಗ್ತಾನೆ, ದಿನಾ ಕೆಳಗೆ ಬರ್ತಾನೆ.”

ಇದರಲ್ಲಿ ಸುಳ್ಳೇನೂ ಇರಲಿಲ್ಲ. ಚಿಕ್ಕ ಅಳಿಯ ಐದು ಮಹಡಿಯ ಒಂದು ಹಳೇ ಕಟ್ಟಡದಲ್ಲಿ ಲಿಫ್ಟು ನಡೆಸುತ್ತಿದ್ದ. ಆ ಲಿಫ್ಟಿಗೆ ಕೈಯಲ್ಲಿ ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಬಾಗಿಲು. ಯಾರಾದರೊಬ್ಬರು ನಿಂತು ಮುಚ್ಚದಿದ್ದರೆ ಲಿಫ್ಟು ಮುನಿಸಿಕೊಂಡು ಅಲ್ಲೇ ನಿಲ್ಲುತ್ತಿತ್ತು. ಹಾಗಾಗಿ ಅವನ ಕೆಲಸ ಗಟ್ಟಿಯಾಗಿತ್ತು. ಕಟ್ಟಡದವರೆಲ್ಲ ಅವನನ್ನು ಲಿಫ್ಟಣ್ಣ ಅನ್ನುತ್ತಿದ್ದರು. ಆಮೇಲೆ ಬೀದಿಯವರೂ ಹಾಗೇ ಅಂದರು. ಕೊನೆಗೆ, ಕೋಪ ಬಂದಾಗ, ಹೆಂಡತಿಯೂ.

ಕಟ್ಟಡದ ತುದಿ ಮಹಡಿಯ ಹಾಲನ್ನು ಒಬ್ಬ ಕಲಾವಿದೆ ಬಾಡಿಗೆಗೆ ಹಿಡಿದರು. ಕೂದಲಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಬರಿಗಾಲಲ್ಲಿ, ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು ಓಡಾಡುವವರು. ಆತ್ಮ, ಪ್ರಕೃತಿ, ದೇಹ ಮೂರೂ ಒಂದೇ ಎಂದು ತೋರಿಸುವುದು ಅವರ ಕೆಲಸ. ತೋರಿಸಲು ಮೂಟೆಗಟ್ಟಲೆ ಜೇಡಿಮಣ್ಣು ಬೇಕಾಗುತ್ತಿತ್ತು. ಅದನ್ನು ಮೇಲಕ್ಕೆ ಸಾಗಿಸುವುದು ಲಿಫ್ಟಣ್ಣನ ಕೆಲಸ.

ಒಂದು ದಿನ ಮೂಟೆಗಳ ನಡುವೆ ನಿಂತು ಅವರು ಕೇಳಿದರು, “ಏರೋದು, ಇಳಿಯೋದು… ದಿನವಿಡೀ ಇದನ್ನೇ ಮಾಡ್ತೀರಲ್ಲ, ಒಳಗೆ ಏನನ್ನಿಸುತ್ತೆ ನಿಮಗೆ?”

“ಊಟ ಆದ್ಮೇಲೆ ಸ್ವಲ್ಪ ಹೊಟ್ಟೆ ತೊಳಸುತ್ತೆ ಮೇಡಂ.”

ಕಲಾವಿದೆ ಕಣ್ಣು ಮುಚ್ಚಿಕೊಂಡು ಈ ಮಾತಿನ ಆಳಕ್ಕೆ ಇಳಿದರು. ನಾಲ್ಕನೇ ಮಹಡಿ ದಾಟಿದ ಮೇಲೆ ಅಲ್ಲಿಂದ ಎದ್ದು ಬಂದರು. “ದೇಹ ಸುಳ್ಳು ಹೇಳಲ್ಲ,” ಅಂದರು. “ನಾನು ಬಂದಾಗಿನಿಂದ ನಿಮ್ಮನ್ನೇ ನೋಡ್ತಾ ಇದೀನಿ. ನಿಮ್ಮನ್ನ ಮಣ್ಣಲ್ಲಿ ಮಾಡ್ಬೇಕು ನಾನು. ಮುಂದಿನ ವಾರ ಬರ್ತೀರಾ?”

ಲಿಫ್ಟಣ್ಣನ ಕೈ ಗುಂಡಿಯ ಮೇಲಿಂದ ಜಾರಿತು. ಅವನಿಗೆ ಕೇಳಿಸಿದ್ದು ಒಂದೇ: ತನ್ನನ್ನು ಮಾಡುತ್ತಾರೆ. ಏನನ್ನು, ಎಷ್ಟನ್ನು, ಯಾವ ಕಡೆಯಿಂದ ಎಂದು ಕೇಳಬೇಕು ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ. ನಿಮಗೆ ನನಗೆ ಹೊಳೆಯುತ್ತಿತ್ತೇ? ಯಾರಾದರೂ ‘ನಿಮ್ಮ ಪ್ರತಿಮೆ ಮಾಡ್ತೀವಿ’ ಅಂದರೆ ‘ಯಾವ ಭಾಗದ್ದು’ ಎಂದು ಕೇಳುವವರನ್ನು ನಾನಂತೂ ಕಂಡಿಲ್ಲ.

ಆವತ್ತು ಸಂಜೆ ಮನೆಗೆ ಬಂದವನೇ ಚಪ್ಪಲಿ ಕೂಡ ಬಿಡದೆ, “ನನ್ನ ಪ್ರತಿಮೆ ಮಾಡ್ತಾರಂತೆ,” ಅಂದ.

ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. “ಯಾರ ಪ್ರತಿಮೆ?”

“ನನ್ನದು ಕಣೇ.”

“ಯಾಕೆ?”

“ಬಂದಾಗಿನಿಂದ ನನ್ನನ್ನೇ ನೋಡ್ತಾ ಇದಾರಂತೆ.”

ಚಾಕು ನಿಂತಿತು. “ಯಾರು?”

“ಮೇಲಿನ ಕಲಾವಿದೆ.”

ಚಾಕು ಮತ್ತೆ ಓಡತೊಡಗಿತು, ಆದರೆ ಬೇರೆ ಸದ್ದಿನಲ್ಲಿ.

ಅತ್ತೆ ಕುರ್ಚಿಯಿಂದ ಎದ್ದು, ಕಣ್ಣಿನಿಂದ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು, ಅಳಿಯನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಗೋಡೆಯ ಹತ್ತಿರ ಹೋಗಿ ಕ್ಯಾಲೆಂಡರನ್ನು ಮೊಳೆಯಿಂದ ತೆಗೆದರು.

“ಇದು ಕಾಗದ. ಪ್ರತಿಮೆ ಅಂದ್ರೆ ಪ್ರತಿಮೆ,” ಅಂದರು. “ಬೀರು ಹಿಂದೆ ಇಟ್ಟಿರ್ತೀನಿ. ಪ್ರತಿಮೆ ಚೆನ್ನಾಗಿ ಬಂತೋ ಸರಿ. ಇಲ್ಲ ಅಂದ್ರೆ ಇದೇನು ದೂರ ಹೋಗಿಲ್ಲ.”

ಖಾಲಿ ಗೋಡೆ ನೋಡಿಕೊಂಡು ಲಿಫ್ಟಣ್ಣ ಆವತ್ತು ಉಂಡ ಹಾಗೆ ತನ್ನ ಮದುವೆಯಲ್ಲೂ ಉಂಡಿರಲಿಲ್ಲ.

ಬೀದಿಗೆ ಸುದ್ದಿ ಹೋಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎದುರುಮನೆಯಾಕೆ ಬೆಳಿಗ್ಗೆಯೇ ಬಂದು ಹೆಂಡತಿಯ ಎರಡೂ ಕೈ ಹಿಡಿದುಕೊಂಡಳು. “ಡಾಕ್ಟರು ಏನಂದ್ರಮ್ಮಾ?”

“ಯಾವ ಡಾಕ್ಟರು?”

“ಮುಚ್ಚಿಡಬೇಡ ಬಿಡು. ಪ್ರತಿಮೆ ಮಾಡೋದು ಯಾರಿಗೆ ಅಂತ ನಮಗೆ ಗೊತ್ತಿಲ್ವಾ? ಎಷ್ಟು ದಿನ ಅಂದಿದಾರೆ?”

ಅವರಿಗೆ ಯಾವ ಕಾಯಿಲೆಯೂ ಇಲ್ಲ, ನಿನ್ನೆ ಮೂರು ಸಲ ಬಡಿಸಿಕೊಂಡರು ಎಂದು ಹೇಳಿ ಕಳಿಸುವಷ್ಟರಲ್ಲಿ ಹೆಂಡತಿಗೆ ಸಾಕುಸಾಕಾಯಿತು. ಕಾಯಿಲೆ ಇಲ್ಲ ಅಂದ ಮೇಲೆ ಬೀದಿಗೆ ಇನ್ನೊಂದು ಪ್ರಶ್ನೆ ಎದ್ದಿತು: ಹಾಗಾದರೆ ಇವನು ಮಾಡಿದ್ದೇನು? ಅದನ್ನು ಬಗೆಹರಿಸಿದವನು ಕ್ಷೌರದಂಗಡಿಯವನು. ಹಿಂದೊಮ್ಮೆ ಲಿಫ್ಟು ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ ನಿಂತುಹೋಗಿತ್ತಲ್ಲ? ನಿಂತದ್ದು ನಿಜ. ಕರೆಂಟು ಹೋಗಿತ್ತು. ಒಳಗಿದ್ದ ನಾಲ್ಕು ಜನಕ್ಕೆ ಲಿಫ್ಟಣ್ಣ ತನ್ನ ಮದುವೆಯ ಕಥೆ ಹೇಳುತ್ತಿದ್ದ. ಹೆಣ್ಣು ನೋಡುವ ಭಾಗ ಮುಗಿಯುವಷ್ಟರಲ್ಲಿ ಕರೆಂಟು ಬಂತು. ಆದರೆ ಕ್ಷೌರದಂಗಡಿಯಿಂದ ಹೊರಟ ಕಥೆ ಬೀದಿಯ ತುದಿ ಮುಟ್ಟುವಷ್ಟರಲ್ಲಿ ಲಿಫ್ಟಿನ ಹಗ್ಗ ಕಿತ್ತುಹೋಗಿತ್ತು, ಲಿಫ್ಟಣ್ಣ ಮೇಲೆ ಹತ್ತಿ ಅದನ್ನು ಬರಿಗೈಯಲ್ಲಿ ಹಿಡಿದು ನಿಂತಿದ್ದ, ಕೆಳಗೆ ಹನ್ನೊಂದು ಜನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದರು.

“ಅದರಲ್ಲಿ ಒಬ್ಬಳು ಬಸುರಿ,” ಎಂದು ಎದುರುಮನೆಯಾಕೆ ಸೇರಿಸಿದಳು. “ಹೆಣ್ಣುಮಗು ಆಯ್ತಂತೆ.”

ಲಿಫ್ಟಣ್ಣ ಇದನ್ನು ಅಲ್ಲಗಳೆಯಲಿಲ್ಲವೇ ಎಂದು ನೀವು ಕೇಳಬಹುದು. ಅಲ್ಲಗಳೆದ. “ಅಯ್ಯೋ, ಅಷ್ಟೆಲ್ಲ ಏನಿಲ್ಲ ಬಿಡಿ,” ಅಂದ. ಇಂಥ ಮಾತನ್ನು ನಿಜವಾದ ವೀರರು ಮಾತ್ರ ಆಡುವುದರಿಂದ ಕಥೆ ಇನ್ನೂ ಗಟ್ಟಿಯಾಯಿತು.

ಇಷ್ಟಾದ ಮೇಲೆ ಮುಖವನ್ನು ಹಾಗೇ ಬಿಡುವಂತಿರಲಿಲ್ಲ. ವಾರವಿಡೀ ಲಿಫ್ಟಣ್ಣ ಕನ್ನಡಿಯ ಮುಂದೆ ಮುಖ ಆರಿಸಿದ. ನಗುವ ಮುಖವನ್ನು ಷಡ್ಡಕ ಆಗಲೇ ಬಳಸಿಬಿಟ್ಟಿದ್ದ. ಗಂಭೀರ ಮುಖ ಮಾಡಿದರೆ, “ಹಲ್ಲುನೋವಾ?” ಎಂದು ಹೆಂಡತಿ ಕೇಳಿದಳು. ದೂರ ದಿಗಂತವನ್ನು ನೋಡುವ ಮುಖ ಮಾಡಿದ. ಬಸ್ಸು ಬಂತೇನೋ ಎಂದು ಅತ್ತೆಯೂ ಆ ಕಡೆ ತಿರುಗಿ ನೋಡಿದರು. ಕೊನೆಗೆ ಕ್ಷೌರದಂಗಡಿಯವನು ಮೀಸೆಯನ್ನು ಎರಡು ಕಡೆಯೂ ಸಮ ಮಾಡಿ, ಕರ್ರಗೆ ಬಣ್ಣ ಹಚ್ಚಿ, ಹುಬ್ಬನ್ನು ಒಂದಿಷ್ಟು ಮೇಲೆತ್ತಿ, “ಹೀಗೇ ಇಟ್ಕೋ ಅಣ್ಣಾ. ಉಸಿರಾಡು, ಆದ್ರೆ ಹುಬ್ಬು ಇಳಿಸ್ಬೇಡ,” ಎಂದು ಕಳಿಸಿಕೊಟ್ಟ.

ಹುಬ್ಬು ಇಳಿಸದೆ ಲಿಫ್ಟಣ್ಣ ಐದನೇ ಮಹಡಿಗೆ ಹೋದ.

“ಬಂದ್ರಾ? ಶರ್ಟು ತೆಗೀರಿ,” ಅಂದರು ಕಲಾವಿದೆ.

ಶರ್ಟು ತೆಗೆದ. ಹೆಂಡತಿ ಇಸ್ತ್ರಿ ಮಾಡಿ ಕೊಟ್ಟಿದ್ದ ಶರ್ಟು; ಒಳಗಿನ ತೂತು ಬನಿಯನ್ನಿನ ಬಗ್ಗೆ ಯಾರೂ ಯೋಚಿಸಿರಲಿಲ್ಲ.

“ಅದನ್ನೂ ತೆಗೀರಿ. ಆ ಸ್ಟೂಲ್ ಮೇಲೆ ತಿರುಗಿ ಕೂತ್ಕೊಳ್ಳಿ.”

“ಯಾವ ಕಡೆ ಮೇಡಂ?”

“ಗೋಡೆ ಕಡೆ.”

“ಗೋಡೆ ಕಡೆ ಕೂತ್ರೆ ಮುಖ ನಿಮಗೆ ಕಾಣಲ್ವಲ್ಲ?”

“ಮುಖ ಯಾರಿಗೆ ಬೇಕು? ನನಗೆ ಬೇಕಾಗಿರೋದು ಬೆನ್ನು.”

ವಾರವಿಡೀ ತಯಾರಾದ ಮುಖ ಬಿಳಿ ಗೋಡೆಯನ್ನು ನೋಡುತ್ತಾ ಕೂತಿತು. ಹುಬ್ಬು ತಾನಾಗಿಯೇ ಇಳಿಯಿತು.

ಕಲಾವಿದೆ ಬೆನ್ನ ಮೇಲೆ ತೆಳ್ಳನೆಯ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ತಣ್ಣನೆ ಮಣ್ಣನ್ನು ಅಂಗೈಯಲ್ಲಿ ಒತ್ತತೊಡಗಿದರು. “ಮುಖಾನ ಎಲ್ಲರೂ ತಯಾರು ಮಾಡ್ಕೊಂಡು ಬರ್ತಾರೆ,” ಅಂದರು. “ಬೆನ್ನನ್ನ ಯಾರೂ ತಯಾರು ಮಾಡಲ್ಲ. ದೇಹ ಅಂದ್ರೆ ಏನು? ಮಣ್ಣು ಸ್ವಲ್ಪ ಹೊತ್ತು ಎದ್ದು ನಿಂತಿರೋದು. ನಾನು ಅದಕ್ಕೆ ಬೀಜ ಹಾಕ್ತೀನಿ. ಮೊಳಕೆ ಬರುತ್ತೆ. ಬೆನ್ನೇ ಹೊಲ ಆಗುತ್ತೆ.”

“ಯಾವ ಬೀಜ ಮೇಡಂ?”

“ಸಾಸಿವೆ.”

ಮಣ್ಣು ಪಕ್ಕೆಯ ಹತ್ತಿರ ಬಂದಾಗ ಲಿಫ್ಟಣ್ಣನಿಗೆ ಕಚಗುಳಿಯಾಯಿತು. ತಡೆದ, ತುಟಿ ಕಚ್ಚಿದ, ತೊಡೆ ಚಿವುಟಿಕೊಂಡ, ಕೊನೆಗೆ ಗಹಗಹಿಸಿ ನಕ್ಕುಬಿಟ್ಟ. ಮಣ್ಣೆಲ್ಲ ಅಲೆಅಲೆಯಾಯಿತು. “ಅಯ್ಯೋ, ಕೆಟ್ಟುಹೋಯ್ತಾ?” ಎಂದರೆ ಕಲಾವಿದೆ, “ಅಲ್ಲಾಡ್ಬೇಡಿ! ಇದೇ ಇರ್ಲಿ!” ಎಂದು ಕುಣಿದಾಡಿದರು.

ಹೊರಡುವಾಗ ಲಿಫ್ಟಣ್ಣ ಧೈರ್ಯ ಮಾಡಿ ಕೇಳಿದ, “ಕೆಳಗೆ ಹೆಸರಾದ್ರೂ ಹಾಕ್ತೀರಲ್ವಾ? ದಪ್ಪ ಅಕ್ಷರದಲ್ಲಿ?”

“ಛೆ. ಹೆಸರು ಹಾಕಿದ್ರೆ ಜನ ಹೆಸರು ಓದ್ಕೊಂಡು ಹೋಗ್ತಾರೆ. ಯಾರ ಬೆನ್ನು ಯಾವುದು ಅಂತ ನಾನು ಬಾಯಿ ಬಿಡಲ್ಲ. ಅದು ನನ್ನ ವ್ರತ ಅಂತ ಇಟ್ಕೊಳ್ಳಿ.”

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. “ಮೂಗು ಸರಿಯಾಗಿ ಬಂತಾ ರೀ?”

“ಮೂಗಿನ ತನಕ ಇನ್ನೂ ಹೋಗಿಲ್ಲ.”

“ಮತ್ತೆ ಇಷ್ಟು ಹೊತ್ತು ಏನ್ ಮಾಡಿದ್ರು?”

“ಹಿಂದಿನಿಂದ ಶುರು ಮಾಡ್ತಾರೆ,” ಅಂದ ಲಿಫ್ಟಣ್ಣ. ಇದೂ ಸುಳ್ಳಲ್ಲ. ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದವನ ಕಣ್ಣು ಬೀರುವಿನ ಕಡೆ ಹೋಯಿತು. ಅದರ ಹಿಂದಿನಿಂದ ಕ್ಯಾಲೆಂಡರಿನ ಒಂದು ಮೂಲೆ, ಷಡ್ಡಕನ ಒಂದು ಕಿವಿ, ಹೊರಗೆ ಇಣುಕುತ್ತಿತ್ತು. ಬಾಯಿ ಮುಚ್ಚಿಕೊಂಡ.

ಹಗ್ಗದ ಕಥೆ ಅಷ್ಟರಲ್ಲಿ ನಗರಸಭೆಯ ಸದಸ್ಯರವರೆಗೆ ಹೋಗಿತ್ತು. ಚುನಾವಣೆ ಹತ್ತಿರ ಬರುತ್ತಿದ್ದುದರಿಂದ ಅವರಿಗೆ ವೀರರ ಕೊರತೆ ಬಹಳವಿತ್ತು. ಕಲಾವಿದೆ ತುದಿ ಮಹಡಿಯಲ್ಲಿ ಏರ್ಪಡಿಸಿದ್ದ ಪ್ರದರ್ಶನದ ಉದ್ಘಾಟನೆಗೆ ತಾವೇ ಬಂದು ಆ ಪ್ರತಿಮೆಗೆ ಹೂಗುಚ್ಛ ಅರ್ಪಿಸುವುದಾಗಿ ಹೇಳಿ ಕಳಿಸಿದರು. ಕಟ್ಟಡದ ಮ್ಯಾನೇಜರು ಲಿಫ್ಟಣ್ಣನನ್ನು ಕೋಣೆಗೆ ಕರೆಸಿಕೊಂಡರು.

“ಯಾವಾಗಪ್ಪಾ ನೀನು ಹಗ್ಗ ಹಿಡಿದದ್ದು? ನನಗೆ ರಿಪೇರಿ ಬಿಲ್ಲೇ ಬರ್ಲಿಲ್ಲ.”

“ಹಗ್ಗಕ್ಕೆ ಏನೂ ಆಗಿಲ್ಲ ಸಾರ್. ಕರೆಂಟು ಹೋಗಿತ್ತು, ಅಷ್ಟೇ. ಸದಸ್ಯರಿಗೆ ಬರ್ಬೇಡಿ ಅಂತ ನೀವೇ ಹೇಳ್ಬಿಡಿ ಸಾರ್.”

ಮ್ಯಾನೇಜರು ಎದ್ದು ಬಾಗಿಲು ಹಾಕಿ ಬಂದರು. “ಮೆಲ್ಲಗೆ ಮಾತಾಡು. ಅವರು ಬರ್ತಾರೆ ಅಂತ ನಮ್ಮ ಗೇಟಿನ ಮುಂದೆ ರಸ್ತೆ ಗುಂಡಿ ಮುಚ್ಚಿಸ್ತಾ ಇದಾರೆ. ಟಾರು ಒಣಗೋ ತನಕ ನೀನು ಹಗ್ಗ ಹಿಡಿದಿದೀಯ.”

ಉದ್ಘಾಟನೆಯ ಸಂಜೆ ಬಂದೇ ಬಂತು. ಕಲಾವಿದೆ ಹಾಲಿಗೆ ಬೀಗ ಹಾಕಿಕೊಂಡು ಒಳಗೆ ನೀರು ಚಿಮುಕಿಸುತ್ತಿದ್ದುದರಿಂದ ಲಿಫ್ಟಣ್ಣನೂ ಅದುವರೆಗೆ ತನ್ನ ಬೆನ್ನನ್ನು ನೋಡಿರಲಿಲ್ಲ. ಅತ್ತೆ, ಹೆಂಡತಿ, ಎದುರುಮನೆಯಾಕೆ, ಹೊಸ ಸೂಟು ಹಾಕಿಕೊಂಡ ಷಡ್ಡಕ, ಹೂಗುಚ್ಛ ಹಿಡಿದ ಸದಸ್ಯರು, ಕೆಳಮಹಡಿಗಳ ಆಫೀಸಿನವರು, ಎಲ್ಲರನ್ನೂ ಕಂತುಕಂತಾಗಿ ಅವನೇ ಮೇಲೆ ತಲುಪಿಸಿದ. ತನ್ನ ಮರ್ಯಾದೆ ಹೋಗುವುದನ್ನು ನೋಡಲು ಬಂದವರನ್ನು ತಾನೇ ಮುತುವರ್ಜಿಯಿಂದ ಸಾಗಿಸಿದ ಮನುಷ್ಯ ಇವನೊಬ್ಬನೇ ಇರಬೇಕು.

ಬಾಗಿಲು ತೆರೆಯಿತು. ಒದ್ದೆ ಮಣ್ಣಿನ ವಾಸನೆ. ಮಂದ ಬೆಳಕಿನಲ್ಲಿ, ಗೋಡೆಯುದ್ದಕ್ಕೂ ಸಾಲಾಗಿ, ಇಪ್ಪತ್ತಕ್ಕೂ ಹೆಚ್ಚು ಮಣ್ಣಿನ ಬೆನ್ನುಗಳು. ಒಂದೊಂದರ ಮೇಲೂ ಎಳೇ ಹಸಿರು ಸಾಸಿವೆ ಸೊಂಪಾಗಿ ಎದ್ದು ನಿಂತಿತ್ತು. ಮುಖ ಅನ್ನುವುದು ಒಂದಕ್ಕೂ ಇರಲಿಲ್ಲ.

ಸದಸ್ಯರು ಹೂಗುಚ್ಛವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದರು. “ನಮ್ಮ ವೀರರ ಪ್ರತಿಮೆ ಎಲ್ಲಿ?”

“ಇಲ್ಲೇ ಇದೆ,” ಅಂದರು ಕಲಾವಿದೆ ಸಂತೋಷವಾಗಿ. “ಯಾವುದು ಅಂತ ನಾನು ಹೇಳಲ್ಲ.”

ಮೊದಲು ನಕ್ಕವನು ಷಡ್ಡಕ. “ಏನಪ್ಪಾ ಇದು? ಪ್ರತಿಮೆ ಅಂದೆ, ಸೊಪ್ಪಿನ ಮಡಿ ಮಾಡಿದಾರೆ!”

“ರೀ, ಮೂಗು?” ಎಂದು ಹೆಂಡತಿ ಪಿಸುಗುಟ್ಟಿದಳು.

ಅತ್ತೆ ಕನ್ನಡಕ ಒರೆಸತೊಡಗಿದರು. ಅದನ್ನು ಕಂಡ ಲಿಫ್ಟಣ್ಣನಿಗೆ ಬೀರು, ಮೊಳೆ, ಹಲ್ಲು ಎಲ್ಲ ಒಟ್ಟಿಗೆ ನೆನಪಾದವು. ಏನಾದರೂ ಮಾಡಲೇಬೇಕಾಗಿತ್ತು. ಸಾಲಿನಲ್ಲಿ ಎಲ್ಲಕ್ಕಿಂತ ಅಗಲವಾಗಿ, ಗಟ್ಟಿಮುಟ್ಟಾಗಿ, ಹನ್ನೊಂದು ಜನರ ಹಗ್ಗ ಹಿಡಿಯಬಲ್ಲಂತೆ ಕಾಣುತ್ತಿದ್ದ ಬೆನ್ನಿಗೆ ಕೈ ತೋರಿಸಿ, “ಅದು… ಅದೇ ನಾನು,” ಅಂದ.

ಸದಸ್ಯರು ಎರಡು ಹೆಜ್ಜೆ ಮುಂದೆ ಹೋಗಿ ಬಗ್ಗಿದರು.

“ಕ್ಷಮಿಸಿ,” ಅಂತು ಹಿಂದಿನಿಂದ ಒಂದು ದನಿ. ಮೊದಲನೇ ಮಹಡಿಯ ಈಜು ಸಂಘದ ತರಬೇತುದಾರ ಹೆಂಗಸು. “ಅದು ನಂದು.”

ಜನ ಕಿಸಕ್ಕೆಂದರು. ಸದಸ್ಯರು ಹೂಗುಚ್ಛವನ್ನು ಹಿಂದಕ್ಕೆ ಎಳೆದುಕೊಂಡರು. ಲಿಫ್ಟಣ್ಣ ಒಂದೊಂದನ್ನೂ ನೋಡಿದ, ಯಾವುದೂ ತನ್ನದು ಅನ್ನಿಸಲಿಲ್ಲ. ಪಾಪ, ಅನ್ನಿಸುವುದಾದರೂ ಹೇಗೆ? ಹುಟ್ಟಿದಾಗಿನಿಂದ ಜೊತೆಗೇ ಇದ್ದರೂ ಅವನಿಗೂ ಬೆನ್ನಿಗೂ ಪರಿಚಯವೇ ಆಗಿರಲಿಲ್ಲ.

“ಸ್ವಂತ ಬೆನ್ನೇ ಗೊತ್ತಿಲ್ಲ ಇವನಿಗೆ!” ಅಂದ ಷಡ್ಡಕ. “ಅತ್ತೇ, ಕ್ಯಾಲೆಂಡರು ಇದೆ ತಾನೇ? ಹಾಳಾಗಿದ್ರೆ ಇನ್ನೊಂದು ಕಳಿಸ್ತೀನಿ.”

ಅಷ್ಟರಲ್ಲಿ ಹೆಂಡತಿ ಸಾಲಿನ ಉದ್ದಕ್ಕೂ ನಡೆದುಕೊಂಡು ಹೋಗಿ, ಮೂಲೆಯಲ್ಲಿ ಎಡಕ್ಕೆ ಸ್ವಲ್ಪ ವಾಲಿಕೊಂಡಿದ್ದ ಒಂದರ ಮುಂದೆ ನಿಂತಿದ್ದಳು. ಸೊಂಟಕ್ಕೆ ಕೈ ಇಟ್ಟುಕೊಂಡಿದ್ದಳು.

“ಇದು ನಮ್ಮನೆಯವರದು,” ಅಂದಳು.

“ಅದು ಹೇಗಮ್ಮಾ ಹೇಳ್ತೀಯ?” ಸದಸ್ಯರು ಈ ಸಲ ಹುಷಾರಾಗಿದ್ದರು.

“ಮದುವೆ ಆದಾಗಿನಿಂದ, ಮುನಿಸು ಬಂದಾಗೆಲ್ಲ ಗೋಡೆ ಕಡೆ ತಿರುಗಿ ಮಲಗ್ತಾರೆ. ನಾನು ಇದರ ಜೊತೆ ಮಾತಾಡಿದಷ್ಟು ಅವರ ಮುಖದ ಜೊತೆ ಮಾತಾಡಿಲ್ಲ.”

ಹಾಲಿನಲ್ಲಿ ಮೂರನೇ ಮಹಡಿಯ ಅಕೌಂಟೆಂಟು ಗಟ್ಟಿಯಾಗಿ, “ಹೌದೌದು, ಇದೇ!” ಎಂದು ಮುಂದೆ ಬಂದರು. “ಲಿಫ್ಟಲ್ಲಿ ದಿನಾ ಇದನ್ನೇ ನೋಡ್ಕೊಂಡು ನಿಂತಿರ್ತೀವಿ. ಎಡ ಭುಜ ನೋಡಿ, ಬಾಗಿಲು ಎಳೆದೂ ಎಳೆದೂ ಕೆಳಗೆ ಬಂದಿದೆ.”

“ಮ್ಯಾನೇಜರ್ ಹತ್ತಿದ್ರೆ ಆ ಭುಜ ಕಿವಿ ತನಕ ಹೋಗುತ್ತೆ,” ಅಂದರು ಇನ್ನೊಬ್ಬರು. ಮ್ಯಾನೇಜರು ಕೆಮ್ಮಿದರು.

“ನಾನು ಇದರ ಹಿಂದೆ ನಿಂತ್ಕೊಂಡು ಭಾಷಣ ಅಭ್ಯಾಸ ಮಾಡ್ತೀನಿ,” ಅಂದರು ಒಬ್ಬ ವಕೀಲರು. “ಇದರಷ್ಟು ತಾಳ್ಮೆ ಇರೋ ನ್ಯಾಯಾಧೀಶರು ಇನ್ನೂ ಸಿಕ್ಕಿಲ್ಲ.”

ಆಮೇಲೆ ಎರಡನೇ ಮಹಡಿಯ ಟೈಪಿಸ್ಟ್ ಹುಡುಗಿ, ಎಂದೂ ಬಾಯಿ ಬಿಡದವಳು, ಬೆನ್ನಿನ ಕಡೆಯೇ ನೋಡುತ್ತಾ ಹೇಳಿದಳು. “ಕೆಲಸಕ್ಕೆ ಸೇರಿದ ಹೊಸದರಲ್ಲಿ ದಿನಾ ಬೈಸ್ಕೊಂಡು ಅಳ್ತಾ ಇಳೀತಿದ್ದೆ. ಲಿಫ್ಟಣ್ಣ ಒಂದು ದಿನಾನೂ ತಿರುಗಿ ನೋಡ್ಲಿಲ್ಲ. ಕೆಳಗೆ ಬಂದ ಮೇಲೆ ಬಾಗಿಲು ಸಿಕ್ಕಾಕ್ಕೊಂಡಿದೆ ಅಂತ ಸುಮ್ನೆ ಅಲ್ಲಾಡಿಸ್ತಾ ನಿಂತಿರೋರು, ನಾನು ಕಣ್ಣು ಒರೆಸ್ಕೊಳ್ಳೋ ತನಕ. ಬಾಗಿಲು ಸರಿಯಾಗೇ ಇತ್ತು. ನನಗೆ ಗೊತ್ತಿತ್ತು.”

ಲಿಫ್ಟಣ್ಣನ ಕಿವಿ ಕೆಂಪಾಯಿತು. ಆ ಸಂಗತಿ ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದ.

ಸುಮ್ಮನಿರುವುದು ಷಡ್ಡಕನ ವೃತ್ತಿಯಲ್ಲೇ ಇರಲಿಲ್ಲ. “ಅದೆಲ್ಲ ಸರಿ,” ಅಂದ. “ಆದ್ರೂ ಗೋಡೆಗೆ ಹಾಕೋಕೆ ಮುಖ ಬೇಕಲ್ವಾ ಅತ್ತೇ?”

ಅತ್ತೆ ಕನ್ನಡಕ ಹಾಕಿಕೊಂಡು ಮೊದಲು ಸಾಸಿವೆ ಬೆನ್ನನ್ನು, ಆಮೇಲೆ ಟೈಪಿಸ್ಟ್ ಹುಡುಗಿಯನ್ನು, ಕೊನೆಗೆ ದೊಡ್ಡ ಅಳಿಯನನ್ನು ನೋಡಿದರು. “ನಿಮ್ಮ ಮುಖ ಅಷ್ಟು ಮನೆಲಿದೆಯಲ್ಲ,” ಅಂದರು. “ಅದರ ಮುಂದೆ ಯಾರಾದ್ರೂ ಮನಸ್ಸು ಬಿಚ್ಚಿ ಅತ್ತಿದಾರಾ?”

“ನಾನು ಅತ್ತಿದೀನಿ,” ಅಂದರು ಅಕೌಂಟೆಂಟು. “ಅವರ ಹತ್ತಿರ ಪಾಲಿಸಿ ಮಾಡಿಸಿದ ಮೇಲೆ.”

ಆ ನಗುವಿಗೆ ಬೆನ್ನುಗಳ ಮೇಲಿನ ಸಾಸಿವೆಯೆಲ್ಲ ಅಲ್ಲಾಡಿತು. ಷಡ್ಡಕನ ಹೆಂಡತಿ ಅಲ್ಲಿದ್ದಿದ್ದರೆ ಅವಳೂ ನಗುತ್ತಿದ್ದಳು.

ಈ ಗದ್ದಲದಲ್ಲೇ ಲಿಫ್ಟಣ್ಣ ಸದಸ್ಯರ ಹತ್ತಿರ ಹೋಗಿ, “ಸಾರ್, ಇದಿಷ್ಟೇ ನಾನು. ಹಗ್ಗ ಕಿತ್ತೇ ಇಲ್ಲ. ಬಸುರಿನೂ ಇರ್ಲಿಲ್ಲ. ಕರೆಂಟು ಹೋಗಿತ್ತು, ನಾನು ಮದುವೆ ಕಥೆ ಹೇಳ್ತಿದ್ದೆ,” ಎಂದು ಒಂದೇ ಉಸಿರಿಗೆ ಒಪ್ಪಿಸಿದ. ಮ್ಯಾನೇಜರು ಕಿಟಕಿಯಿಂದ ಬಗ್ಗಿ ಟಾರು ಒಣಗಿದೆಯೇ ಎಂದು ನೋಡಿದರು.

ಸದಸ್ಯರು ಹಳೇ ಹುಲಿ. ಭಾಷಣ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಅದನ್ನು ಹಾಳುಮಾಡುವ ಮನುಷ್ಯ ಅವರಲ್ಲ. ಹೂಗುಚ್ಛವನ್ನು ಮೇಲೆತ್ತಿ, “ಮಹನೀಯರೇ, ಕೇಳಿದಿರಾ ಈ ವಿನಯವನ್ನು?” ಎಂದು ಶುರು ಮಾಡಿದರು. “ಇಂಥ ಬೆನ್ನು ಕತ್ತಲಲ್ಲಿ ಇರಬಾರದು! ಈ ಕಟ್ಟಡದ ಮುಂದೆ ಬೀದಿದೀಪ ಹಾಕಿಸುತ್ತೇನೆ!” ಚಪ್ಪಾಳೆಯೋ ಚಪ್ಪಾಳೆ. ಹಗ್ಗದ ಬದಲು ದೀಪ ಬಂತಲ್ಲ ಎಂದು ಮ್ಯಾನೇಜರು ಎಲ್ಲರಿಗಿಂತ ಜೋರಾಗಿ ತಟ್ಟಿದರು. ಎದುರುಮನೆಯಾಕೆ ಮಾತ್ರ, “ಬಸುರಿ ಇದ್ದಳು, ಇವರಿಗೆ ಮರೆತುಹೋಗಿದೆ,” ಎಂದು ಪಕ್ಕದವರಿಗೆ ಹೇಳುತ್ತಿದ್ದಳು.

ಕಲಾವಿದೆ ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದರು. “ವ್ರತ ಮುರೀಲಿಲ್ಲ ನಾನು,” ಅಂದರು ಲಿಫ್ಟಣ್ಣನಿಗೆ. “ಅವರೇ ಕಂಡುಹಿಡಿದ್ರು.” ಅವರ ಪಕ್ಕದಲ್ಲಿ ಷಡ್ಡಕ ಕೋಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, “ಮೇಡಂ, ಸ್ವಲ್ಪ ನನ್ನ ಬೆನ್ನು ನೋಡ್ತೀರಾ? ಮುಂದಿನ ವರ್ಷದ ಕ್ಯಾಲೆಂಡರಿಗೆ ಒಂದು ಉಪಾಯ ಹೊಳೀತಿದೆ,” ಎಂದು ಕೇಳುತ್ತಿದ್ದ.

ಇಳಿಯುವ ಹೊತ್ತಾಯಿತು. ಮೊದಲ ಕಂತಿನಲ್ಲಿ ಅತ್ತೆ, ಹೆಂಡತಿ, ಸದಸ್ಯರು, ಟೈಪಿಸ್ಟ್, ಅಕೌಂಟೆಂಟು, ವಕೀಲರು ಎಲ್ಲ ಒತ್ತಿಕೊಂಡು ನಿಂತರು. ಲಿಫ್ಟಣ್ಣ ಜಾಲರಿ ಎಳೆದ. ಎಳೆದವನಿಗೆ ತಟ್ಟನೆ ಹೊಳೆಯಿತು: ಇಷ್ಟು ಜೊತೆ ಕಣ್ಣುಗಳು ಈಗ ತನ್ನ ಬೆನ್ನ ಮೇಲೇ ಇವೆ. ಭುಜ ನೆಟ್ಟಗೆ ಮಾಡಿದ, ಸರಿ ಅನ್ನಿಸಲಿಲ್ಲ. ಇಳಿಸಿದ, ಅದೂ ಸರಿ ಅನ್ನಿಸಲಿಲ್ಲ. ಬೆನ್ನನ್ನು ಹೇಗೆ ಇಟ್ಟುಕೊಳ್ಳಬೇಕು ಎಂದೇ ಅವನಿಗೆ ಮರೆತುಹೋಗಿತ್ತು. ಕೊನೆಗೆ ನಾಚಿಕೆ ತಡೆಯಲಾರದೆ, ಈ ಕೆಲಸಕ್ಕೆ ಸೇರಿದ ಮೇಲೆ ಮೊದಲ ಬಾರಿಗೆ, ಜನರ ಕಡೆಗೆ ತಿರುಗಿ ನಿಂತುಬಿಟ್ಟ. ಬೆನ್ನು ಗುಂಡಿಗಳ ಹಲಗೆಗೆ ಒರಗಿತು. ಅಷ್ಟೂ ಗುಂಡಿಗಳು ಒಟ್ಟಿಗೆ ಒತ್ತಿಕೊಂಡವು.

ಲಿಫ್ಟು ನಾಲ್ಕರಲ್ಲಿ ನಿಂತಿತು. ಬಾಗಿಲು ತೆಗೆದರು, ಯಾರೂ ಇಲ್ಲ, ಮುಚ್ಚಿದರು. ಮೂರರಲ್ಲಿ ನಿಂತಿತು. ಲಿಫ್ಟಣ್ಣ ಎಲ್ಲರ ಮುಖವನ್ನೂ ನೋಡುತ್ತಾ ಸಂಕೋಚದಿಂದ ಮುಗುಳ್ನಗುತ್ತಿದ್ದ, ಎಲ್ಲರೂ ಅವನ ಮುಖವನ್ನು ನೋಡುತ್ತಾ ಏನು ಹೇಳಬೇಕೋ ತಿಳಿಯದೆ ನಿಂತಿದ್ದರು. ಎರಡರಲ್ಲೂ ನಿಂತಾಗ ಅತ್ತೆ ಕೈ ಚಾಚಿ ಅವನ ಭುಜ ಹಿಡಿದರು.

“ಅಳಿಯಂದಿರೇ,” ಅಂದರು. ಅವನನ್ನು ಹಾಗೆ ಕರೆದದ್ದು ಅದೇ ಮೊದಲು. “ನಿಮ್ಮ ಮುಖವೂ ಚೆನ್ನಾಗಿಯೇ ಇದೆ, ನಾನೇನೂ ಇಲ್ಲ ಅನ್ನಲ್ಲ. ಆದ್ರೆ ದಯವಿಟ್ಟು ತಿರುಗಿ ನಿಂತ್ಕೊಳ್ಳಿ. ನಾವು ಮನೆಗೆ ಹೋಗ್ಬೇಕು.”